ಕಂಪ್ಯೂಟರಿನೊಳಗಿನ ತಿರ್ಲಾಪುರ

ಸಂಶಿ, ೧೪-೩-೧೯೮೯, ಮಂಗಳವಾರ

ಪ್ರಶ್ನೆಪತ್ರಿಕೆ ಸಿಕ್ಕಿತು. ನಾನೇ ಹುಡುಕಿದೆ. ಆದರೂ ಹೊಳೆಯಪ್ಪನ ಮೇಲಿನ ಸಿಟ್ಟು ಪೂರ್ತಿ ಇಳಿದಿಲ್ಲ.

ಶಾಲೆಯ ಕಂಪ್ಯೂಟರಿನಲ್ಲಿ ಕಲಿಸುವ ನಮಗೆಲ್ಲ ಹೆಸರು ಹಾಕಿ ಒಂದೊಂದು ಡೈರೆಕ್ಟರಿ, ಅಂದರೆ ಬರಹ ಇಡುವ ಖಾನೆ, ಮಾಡಿ, ನಾವು ಬರೆದುಕೊಟ್ಟಿದ್ದನ್ನು ಟೈಪು ಮಾಡಿ ಇಡುವವನು ಅವನೇ. ಇವತ್ತು ಬೆಳಿಗ್ಗೆ ಅವನಿರಲಿಲ್ಲ. ಪರದೆಯ ಮೇಲೆ ಮಾಸ್ತರರ ಹೆಸರೆಲ್ಲ ಇದ್ದವು, ರೇವವ್ವ ಎಂಬ ನನ್ನ ಹೆಸರು ಮಾತ್ರ ಇಲ್ಲ.

"ಹುಬ್ಬಳ್ಳಿಯಿಂದ ಯಾರನ್ನರ ಕರಸೂಣೇನ್ರಿ?" ಎಂದರು ಹೆಡ್‌ಮಾಸ್ತರರು.

"ಯಾಕ್ರಿ ಸರ್? ಬರದಾಕಿ ನಾನು, ಹುಡುಕಾಕಿನೂ ನಾನ" ಎಂದೆ.

ಪಟ್ಟಿಯನ್ನು ಮತ್ತೆ ಮೇಲಿನಿಂದ ಓದಿದೆ. ಕೊನೆಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ತಿರ್ಲಾಪುರ! ನನ್ನ ತವರು ಇಲ್ಲೇಕೆ ಬಂತು? ತೆರೆದರೆ ನನ್ನ ಪತ್ರಿಕೆ ಅಲ್ಲೇ ಕೂತಿತ್ತು. ಸೊಸೆಯಾಗಿ ಬಂದಾಗಿನಿಂದ ಈ ಊರಿಗೆ ನಾನು ತಿರ್ಲಾಪುರದಾಕಿ.

ಸಂಜೆ ಹೊಳೆಯಪ್ಪನನ್ನು ಹಿಡಿದು ಕೇಳಿದೆ.

"ಊರೆಲ್ಲಾ ಹಂಗ ಕರೀತದಲ್ರಿ ಅಕ್ಕಾರ. ತಪ್ಪಾತೇನ್ರಿ? ಅಳಿಸಿ ಬ್ಯಾರೆ ಮಾಡ್ತೀನಿ ತಗೋರಿ."

ಬೇಡವೆಂದೆ. ಅವನನ್ನು ಬಾಜು ಸರಿಸಿ, ತಿರ್ಲಾಪುರದ ಒಳಗೇ ಇನ್ನೊಂದು ಡೈರೆಕ್ಟರಿ ಮಾಡಿ, ರೇವವ್ವ ಎಂದು ಹೆಸರಿಟ್ಟೆ. ನನ್ನನ್ನು ಹೆಸರು ಹಿಡಿದು ಕರೆಯುವವರು ಇರುವುದು ಅಲ್ಲೇ ತಾನೆ.