ನಕ್ಷೆ ಬರೆದ ಪುಟ

ಮಾರ್ಚ್ 1, ಭಾನುವಾರ. ಬೆಳಿಗ್ಗೆ 6.20

ರಂಜಾನ್ ಉಪವಾಸದ ಸೆಹ್ರಿ ಊಟ ಮುಗಿಸಿ ಮತ್ತೆ ಮಲಗಲಿಲ್ಲ. ಹಿತ್ತಿಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಮೇಲೆ ಕೂತಿದ್ದೇನೆ. ದಾಳಿಂಬೆ ಗಿಡದಲ್ಲಿ ಪಿಕಳಾರ ಮೂರನೇ ಮೊಟ್ಟೆ ಇಟ್ಟಿದೆ. ಕೋಗಿಲೆಯ ಕೂಗು ಐದು ಗಂಟೆಯಿಂದ ಒಂದೇ ಸಮ. ಕೆರೆಯಲ್ಲಿ ನಿನ್ನೆ ಹೆಬ್ಬಾತು ಹನ್ನೊಂದೇ. ಉಳಿದವು ಊರಿಗೆ ಹೊರಟವು.

ಅಮ್ಮಿ ಕಿಟಕಿಯಿಂದ — "ಮೆಹನಾಜ್, ಹಕ್ಕಿ ಎಣಿಸೋಕೆ ಸರ್ಕಾರ ಸಂಬಳ ಕೊಡುತ್ತಾ? ಒಳಗೆ ಬಾ ಬೇಟಾ, ಇಬ್ಬನಿ."

ಸೈನ್ಸ್ ಟೀಚರ್ ಆಗಿದ್ದೇ ಈ ಹುಚ್ಚಿಗೆ. ಎಷ್ಟು ಸಲ ಹೇಳಲಿ.

ಸಂಜೆ 5

ಚಿನಕುರಳಿ ಕಡೆ ಕೆಲಸ ನಿಂತ ಹಳೇ ಕ್ವಾರಿಗೆ ಹೋಗಿದ್ದೆ. ಕೊಂಬಿನ ಗೂಬೆಗೆ ಎರಡು ಮರಿ! ಬಿಳಿ ತುಪ್ಪಳದ ಉಂಡೆಗಳು. ನನ್ನನ್ನೇ ದುರುಗುಟ್ಟಿ ನೋಡಿದವು, ಕಾಪಿ ಹೊಡೆದು ಸಿಕ್ಕಿಬಿದ್ದ ಒಂಬತ್ತನೇ ಕ್ಲಾಸಿನವರ ಹಾಗೆ.

ಜಾಗ ತೋರಿಸಿದ್ದು ಕರಿಯಯ್ಯ. ಅಲ್ಲೇ ಕುರಿ ಕಾಯುವ ಅಜ್ಜ. ತೋರಿಸಿದ ಮೇಲೆ ಗಾಬರಿ ಅವರಿಗೆ.

"ಯಾರ್ಗೂ ಏಳ್ಬ್ಯಾಡಿ ಮೇಡಮ್ಮೋರೆ. ಯುಗಾದಿ ಅಮಾಸೆ ಬತ್ತಾ ಅದೆ. ಮಾಟ ಮಾಡ್ಸೋರ್ಗೆ ಗೂಬೆ ಬೇಕು. ಓದ್ವರ್ಸ ಆ ಗುಡ್ಡದ್ದ ಇಡ್ಕೊಂಡೋಗ್ಬುಟ್ರು."

ಯಾರಿಗೆ ಹೇಳ್ತೀನಿ? ಎದುರಿನ ಪುಟದಲ್ಲಿ ನಕ್ಷೆ ಬರೆದಿಟ್ಟೆ, ಅಷ್ಟೆ. ಒಂಟಿ ಬೇವಿನ ಮರ, ಕ್ವಾರಿಯ ಬಾಯಿ, ನೀರಿನ ಎಡಕ್ಕೆ ಬಂಡೆ, ಮೂರನೇ ಮೆಟ್ಟಿಲು. ಇನ್ನು ಮೂರು ವಾರ ಕಳೆದರೆ ಹಾರ್ತವೆ.

ಒಂದು ಫೋಟೋ ಮಾತ್ರ ಹಕ್ಕಿ ನೋಡುವವರ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಜಾಗ ಬರೆಯಲಿಲ್ಲ. ಖುಷಿ ತಡೆಯೋಕಾಗಲಿಲ್ಲ, ಏನು ಮಾಡಲಿ.

ಮಾರ್ಚ್ 6, ಶುಕ್ರವಾರ

ಗೊತ್ತಿಲ್ಲದ ನಂಬರಿನಿಂದ ಫೋನು. "ಮೇಡಂ, ಫಾರೆಸ್ಟಿಂದ ಶಂಕರ್ ಅಂತ. ನಿಮ್ ಫೋಟೋ ನೋಡ್ದೆ. ಮರಿಗಳಿಗೆ ಕಾವಲು ಹಾಕ್ಬೇಕು, ಎಲ್ಲವೆ?" ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು. ಹೇಳೇಬಿಡ್ತಿದ್ದೆ. ಅಷ್ಟರಲ್ಲಿ —

"ತಾಯಿ ಗೂಬೆ ತೂಕ ಎಷ್ಟಿರ್ಬೌದು ಮೇಡಂ?"

ಫಾರೆಸ್ಟಿನವರು ತೂಕ ಯಾಕೆ ಕೇಳ್ತಾರೆ? ತೂಕ ಕೇಳೋದು ಹಿಡಿದು ಮಾರೋರು.

ಸಂತೆಬಾಚಹಳ್ಳಿ ಹತ್ತಿರ ಅಂದೆ. ರೋಜಾ ಉಪವಾಸ ಇಟ್ಟುಕೊಂಡು ಸುಳ್ಳು. ಅಲ್ಲಾಹ್ ಮಾಫ್ ಮಾಡಲಿ. ಫೋಟೋ ಡಿಲೀಟ್ ಮಾಡಿದೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಮಾರ್ಚ್ 11, ಬುಧವಾರ

ನನ್ನ ಸುಳ್ಳು ಅವರಿಗೆ ಗೊತ್ತಾಗಿದೆ. ಸ್ಕೂಲಿನ ಗೇಟಿನಲ್ಲಿ ಬೈಕು, ಇಬ್ಬರು. ಒಬ್ಬ ಹೆಲ್ಮೆಟ್ ತೆಗೆಯಲೇ ಇಲ್ಲ. ಪ್ಯೂನ್ ಸಿದ್ದರಾಜು ಓಡಿಬಂದ. "ನಿಮ್ ಮನೆ ಎಲ್ಲಿ ಅಂತ ಕೇಳ್ತಾವ್ರೆ ಮಿಸ್. ನಾನ್ ಏಳ್ನಿಲ್ಲ."

ಪಾಂಡವಪುರದಲ್ಲಿ ನನ್ನ ಮನೆ ಹುಡುಕೋಕೆ ಸಿದ್ದರಾಜುವೇ ಬೇಕಾ? ಗಲ್ಲಿಯ ಮೊದಲ ಅಂಗಡಿಯಲ್ಲಿ ಕೇಳಿದರೆ ಸಾಕು.

ಅಮ್ಮಿಗೆ ಹೇಳಲಿಲ್ಲ. ಬಿ.ಪಿ. ಇದೆ. ಸುಮ್ಮನೆ ಯಾಕೆ ಹೆದರಿಸೋದು.

ಮಾರ್ಚ್ 14, ಶನಿವಾರ. ಸಂಜೆ 7.15

ಹೇಳಬೇಕಿತ್ತು. ಹೇಳಬೇಕಿತ್ತು. ಹೇಳಬೇಕಿತ್ತು.

ಪರೀಕ್ಷೆ ಕೆಲಸದ ಮೀಟಿಂಗ್ ಮುಗಿಸಿ ಬರುವಾಗ ಅಜಾನ್ ಆಗಿತ್ತು. ಚಾಪೆ ಮೇಲೆ ಗಂಜಿ ಕುಡಿದ ಎರಡು ಬಟ್ಟಲು. ತಟ್ಟೆಯಲ್ಲಿ ಖರ್ಜೂರದ ಬೀಜ. ಅಮ್ಮಿಯ ಮುಖದಲ್ಲಿ ನಗು.

"ನಿನ್ನ ಫಾರೆಸ್ಟ್ ಆಫೀಸರ್ರು ಬಂದಿದ್ರು. ಬಹಳ ಮರ್ಯಾದಸ್ಥರು."

"ಒಳಗೆ ಯಾಕೆ ಕರೆದ್ರಿ ಅಮ್ಮಿ!"

"ಇಫ್ತಾರ್ ಹೊತ್ತಲ್ಲಿ ಬಂದವರನ್ನ ಬಾಗಿಲಲ್ಲಿ ನಿಲ್ಲಿಸ್ತಾರಾ? ನಿನ್ನ ಅಬ್ಬಾ ಇದ್ದಿದ್ರೆ ಊಟ ಹಾಕದೆ ಕಳಿಸ್ತಿರಲಿಲ್ಲ. ನಿನ್ನ ಹಕ್ಕಿ ಪುಸ್ತಕ ತೋರಿಸಿದೆ. ಎಷ್ಟು ಹೊಗಳಿದ್ರು! ಒಂದು ಚಿತ್ರಾನ ಫೋಟೋನೂ ತಗೊಂಡ್ರು."

ಯಾವ ಚಿತ್ರ ಅಂತ ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ.

ಎಲ್ಲಾ ಹೇಳಿದೆ. ಬಹಳ ಜೋರಾಗಿ ಹೇಳಿದೆ. ಅಮ್ಮಿ ಆ ಎರಡು ಬಟ್ಟಲನ್ನೇ ನೋಡುತ್ತಾ ಕೂತುಬಿಟ್ಟರು. ಬೈದದ್ದು ತಪ್ಪು. ನಕ್ಷೆ ಬರೆದವಳು ನಾನು.

ಪುಟ ಹರಿದು ಒಲೆಗೆ ಹಾಕಿದೆ. ಅವರ ಫೋನಿನಲ್ಲಿರೋದು ಸುಡುತ್ತಾ?

ಮಾರ್ಚ್ 15, ಭಾನುವಾರ

ಬೆಳಕಾಗುತ್ತಲೇ ಕ್ವಾರಿಗೆ. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಹಿಂದೆ ನೋಡುತ್ತಾ ಸ್ಕೂಟಿ ಓಡಿಸಿದೆ.

ಮರಿಗಳಿವೆ. ರೆಕ್ಕೆ ಬಡಿದು ಕಲಿಯುತ್ತಿವೆ. ಆದರೆ ಬಂಡೆಯ ತುದಿಯಲ್ಲಿ ಹೊಸ ನೈಲಾನ್ ಹಗ್ಗ, ಸುತ್ತಿ ಇಟ್ಟದ್ದು. ಜಾಗ ನೋಡಿಹೋಗಿದ್ದಾರೆ. ಅಮಾವಾಸ್ಯೆಗೆ ಕಾಯುತ್ತಿದ್ದಾರೆ.

ಫಾರೆಸ್ಟಿನ ನಿಜವಾದ ನಂಬರಿಗೆ ಫೋನ್ ಮಾಡಿದೆ. ದಿನಾ ಒಂದು ಸುತ್ತು ಬರ್ತೀವಿ ಅಂದರು. ಒಂದು ಸುತ್ತು...

ಕರಿಯಯ್ಯ ಹಗ್ಗವನ್ನು ನೀರಿಗೆಸೆದರು. ಆಮೇಲೆ — "ಮಂದೆನ ಇಲ್ಲೇ ನಿಲ್ಲುಸ್ತೀನಿ ಬುಡಿ. ಈ ಒಲದೋರು ಗೊಬ್ಬರಕ್ಕೆ ಕುರಿ ನಿಲ್ಸು ಅಂತ ಕೇಳ್ತಾನೇ ಅವ್ರೆ. ನಾನ್ ಅಡ್ಡ ಮಲಗಿದ್ರೆ ಯಾವನ್ ಬಂದಾನು? ನಾಯಿ ಎಲ್ಡವೆ."

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ನನಗೆ ಮರಿಗಳು ಬೇಕಾಗಿದ್ದವು.

ಮಾರ್ಚ್ 18, ಬುಧವಾರ. ಸಂಜೆ 6

ಅಮಾವಾಸ್ಯೆ. ಎಸ್ಸೆಸ್ಸೆಲ್ಸಿ ಮೊದಲ ಪೇಪರ್. ಡ್ಯೂಟಿಯಲ್ಲಿ ನಿಂತು ಕಿಟಕಿಯನ್ನೇ ನೋಡಿದೆ.

ಫೋನಿನಲ್ಲಿ ಕರಿಯಯ್ಯ — "ಒಂದ್ ಮರಿ ಬೇವಿನ ಮರಕ್ಕೆ ಆರ್ಬುಡ್ತು ಮೇಡಮ್ಮೋರೆ! ಇನ್ನೊಂದ್ ಎದ್ರುಪುಕ್ಲ, ಅಲ್ಲೇ ಕುಂತದೆ." ನಗುತ್ತಿದ್ದರು. ಒಬ್ಬರೇ ಇದ್ದೀರಾ ಅಂದೆ. "ಒಬ್ನೇ ಯಾಕೆ? ಅರವತ್ತು ಕುರಿ ಅವೆ."

ಎಪ್ಪತ್ತು ದಾಟಿದ ಅಜ್ಜ. ಎರಡು ನಾಯಿ. ಒಂದು ದೊಣ್ಣೆ. ನಾನು ಮಾಡಿದ್ದೇನು ಇದು? ಗೂಬೆ ಹೋದರೆ ಹೋಗಲಿ, ನೀವು ಮನೆಗೆ ಹೋಗಿ ಅಂದೆ. ಕೇಳಲಿಲ್ಲ. ಮತ್ತೆ ಫಾರೆಸ್ಟಿಗೆ ಹೇಳಿದೆ. ಹೂಂ ಅಂದರು.

ಮಾರ್ಚ್ 19, ಗುರುವಾರ. ಬೆಳಗಿನ ಜಾವ 5.05

ಸೆಹ್ರಿ ತಟ್ಟೆ ಪಕ್ಕಕ್ಕಿಟ್ಟೆ. ಕರಿಯಯ್ಯನಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಮತ್ತೆ ಆಫ್. ಐದನೇ ಸಲ ರಿಂಗಾಯಿತು.

ಎತ್ತಿದರು. ಉಸಿರಾಟ. ಹಿಂದೆ ಕುರಿಗಳು ಒಂದೇ ಸಮ ಅರಚುತ್ತಿವೆ. ನಾಯಿಗಳ ಸದ್ದೇ ಇಲ್ಲ.

"ಅಜ್ಜಾ?" ಅಂದೆ.

ಬೆಣ್ಣೆಯಂಥ ಅದೇ ದನಿ. "ಓ... ಟೀಚರಾ? ನಿಮ್ಮಮ್ಮನ ಗಂಜಿ ಬೋ ಚೆನ್ನಾಗಿತ್ತು."

ಕಟ್.

ಪೊಲೀಸ್ 112ಕ್ಕೆ ಹೇಳಿದೆ. ಬೇವಿನ ಮರ, ಕ್ವಾರಿಯ ಬಾಯಿ, ನೀರಿನ ಎಡಕ್ಕೆ... ಆ ನಕ್ಷೆಯನ್ನೇ ಬಾಯಲ್ಲಿ ಹೇಳಿದೆ. ಗಾಡಿ ಹೊರಟಿದೆ, ನೀವು ಮನೇಲೇ ಇರಿ ಅಂದರು.

ಇರಲಾರೆ. ಭಯ ಆಗುತ್ತಿದೆ. ಆದರೂ ಇರಲಾರೆ. ಎಲ್ಲಿಗೆ ಹೋದೆ ಅಂತ ಯಾರಿಗಾದರೂ ತಿಳಿಯಲಿ ಅಂತಲೇ ಇಷ್ಟು ಬರೆದದ್ದು.

ಸ್ಕೂಟಿ ಕೀ ಮೊಳೆಯಲ್ಲಿಲ್ಲ.

ಅಮ್ಮಿ ಬಾಗಿಲಲ್ಲಿ ನಿಂತಿದ್ದಾರೆ. ಬುರ್ಖಾ ಹಾಕಿಕೊಂಡಿದ್ದಾರೆ. ಒಂದು ಕೈಯಲ್ಲಿ ಕೀ, ಇನ್ನೊಂದರಲ್ಲಿ ಗಂಜಿಯ ಫ್ಲಾಸ್ಕು. "ಆ ಅಜ್ಜನಿಗೆ" ಅಂದರು. "ಆ ಕಳ್ಳರನ್ನ ಒಳಗೆ ಕರೆದವಳು ನಾನು. ನಡಿ, ಹಿಂದೆ ಕೂತ್ಕೋತೀನಿ." ಬೇಡ ಅಮ್ಮಿ ಅಂದರೆ ಆಗಲೇ ಮೆಟ್ಟಿಲು ಇಳಿದಿದ್ದಾರೆ. ಹೊರಟೆವು.