ಅಮ್ಮನ ತಲೆ ಬಾಚಿದವನು

ಎಲಿಸಿಯೋ,

ನೀನು ಕಡಲುಪಾಲಾಗಿ ಏಳು ತಿಂಗಳಾದ ಮೇಲೆ, ನಿನ್ನೆ ಹಾಂಗ್‌ಕಾಂಗ್‌ನಿಂದ ನಮ್ಮೂರು ಇಲೊಯ್ಲೊಗೆ ನಾನು ಬಂದೆ. ಇವತ್ತು ಭಾನುವಾರ, ಬೆಳಿಗ್ಗೆ ನನ್ನಮ್ಮನ ತಲೆ ಬಾಚಲು ಹೋದರೆ ಕೈ ತಳ್ಳಿದಳು. ಮರೆವಿನ ಕಾಯಿಲೆಯಲ್ಲಿ ಅವಳಿಗೆ ಮಗಳ ಗುರುತೇ ಇಲ್ಲ.

"ನೀನ್ಯಾರೇ? ಚರ್ಚಿನ ಗಂಟೆ ಹೊಡೀತಲ್ಲ, ಎಲಿಸಿಯೋ ಬಂದು ಬಾಚ್ತಾನೆ."

ನೆರೆಮನೆಯ ಪೂರಕ್ಕ ಕಣ್ಣೊರೆಸಿಕೊಂಡಳು. "ನೀನು ಅವನ ಫೋನ್ ಎತ್ತೋದು ಬಿಟ್ಟ ಮೇಲೂ ಪ್ರತಿ ಭಾನುವಾರ ಬರ್ತಿದ್ದ ಕಣೇ. ತಲೆ ಬಾಚಿ, ಗಂಜಿ ಕುಡಿಸಿ ಹೋಗ್ತಿದ್ದ. ನಿಂಗೆ ಹೇಳ್ಬಾರ್ದು ಅಂತ ಆಣೆ ಹಾಕಿಸಿದ್ದ."

"ಯಾಕಕ್ಕ?"

"'ಅಮ್ಮನ್ನ ನೋಡ್ಕೊಂಡೆ ಅಂತ ಅವಳು ನನ್ನ ಹತ್ರ ವಾಪಸ್ ಬರೋದು ಬೇಡ, ನನ್ನ ನಂಬಿ ಬರ್ಲಿ' ಅಂತಿದ್ದ."

ನಾನು ದೂರದಲ್ಲಿ ದುಡಿಯುತ್ತಿದ್ದಾಗ, ನನ್ನನ್ನು ಪ್ರೀತಿಸುತ್ತಿದ್ದ ನಿನಗೆ ಬೇರೆ ಹೆಣ್ಣಿದ್ದಾಳೆಂದು ಯಾರೋ ಅಂದರು. ನಿನ್ನನ್ನು ಒಂದು ಮಾತೂ ಕೇಳದೆ ಅವರನ್ನು ನಂಬಿಬಿಟ್ಟೆ.

ಅಮ್ಮ ಬಾಗಿಲನ್ನೇ ನೋಡುತ್ತಿದ್ದಾಳೆ. ನೀನು ಬರುವುದಿಲ್ಲವೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವಳ ಪಕ್ಕದಲ್ಲಿ ನಾನೂ ಕಾಯುತ್ತ ಕೂತೆ.

ಲಿಗಾಯಾ