ಎಂಟು ಮೂಲೆ ಸುತ್ತಿ ಬಂದ ಮೇಲೆ

ಶಾರದಕ್ಕ,

ಆನೇಮಹಲ್‌ನ ಹೋಟೆಲ್ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಜೀಪಿನ ಟೈರು ಪಂಕ್ಚರ್ ಆಗಿದೆ. ಅಪ್ಪ ಅದರ ಪಕ್ಕ ನಿಂತು ಪಂಕ್ಚರ್ ಹಾಕುವವನಿಗೆ ಬುದ್ಧಿ ಹೇಳುತ್ತಿದ್ದಾನೆ. ಈ ಹಾಳೆ ನಿನ್ನ ಮಗಳು ಚೈತ್ರಳ ಹೊಸ ನೋಟ್‌ಬುಕ್ಕಿನದು. ಬೇಸಿಗೆ ರಜೆ ಮುಗಿಯಿತು, ನಾಳೆಯಿಂದ ಅವಳಿಗೆ ಒಂದನೇ ಕ್ಲಾಸು. ಅವಳನ್ನು ಕರೆದುಕೊಂಡು ತವರಿನಿಂದ ವನಗೂರಿಗೆ ಹೊರಟಿದ್ದೇನೆ. ಹೌದು, ನಿನ್ನ ಮನೆಗೇ. ನೀನು ಹೋದ ಮರುವರ್ಷ ನನ್ನನ್ನು ಭಾವನಿಗೇ ಕೊಟ್ಟರು. ಭಾವ ಎಂದೇ ಬರೆಯುತ್ತೇನೆ, ನಿನ್ನ ಹತ್ತಿರ ಮಾತಾಡುವಾಗ ಬೇರೇನೂ ಬಾಯಿಗೆ ಬರುವುದಿಲ್ಲ.

ನೆನಪಿದೆಯಾ, ನಿನ್ನನ್ನು ಗಂಡನ ಮನೆಗೆ ಕಳಿಸುವ ದಿನ ಅಪ್ಪ ಎಂದೂ ನೆಟ್ಟಗೆ ಕಳಿಸಿದವನಲ್ಲ. ಕೆ. ಹೊಸಕೋಟೆಯಿಂದ ವನಗೂರಿಗೆ ಹತ್ತಿರದ ದಾರಿ ಇದ್ದರೂ ಜೀಪನ್ನು ಸಕಲೇಶಪುರದ ಕಡೆಗೇ ತಿರುಗಿಸುತ್ತಿದ್ದ. "ಮಗ್ಳು ಅಳ್ತಾ ಹೋಗ್ಬಾರ್ದು ಕಣಪ್ಪ, ಏನಾರ ನೋಡ್ಕಂಡು ನಗ್ತಾ ಹೋಗ್ಲಿ" ಎಂದು ಡ್ರೈವರಿಗೆ ಸಮಜಾಯಿಷಿ. ಮೊದಲು ಹೊಳೆ ದಂಡೆಯ ಸಕಲೇಶ್ವರನ ಗುಡಿ, ಆಮೇಲೆ ಮಂಜರಾಬಾದ್ ಕೋಟೆ, ಕೊನೆಗೆ ನಿನ್ನ ಮನೆ. ಹರಕೆಯ ಕುರಿಯನ್ನೂ ಮೊದಲು ಊರೆಲ್ಲ ಸುತ್ತಿಸುತ್ತಾರಲ್ಲ… ಬೇಡ ಬಿಡು.

ಆ ಕೋಟೆಯ ಮೆಟ್ಟಿಲ ಮೇಲೆ ನಿನ್ನ ಬಾಯಿ ಒಮ್ಮೆ ಬಿಚ್ಚಿಕೊಂಡರೆ ಕೆಳಗಿಳಿಯುವವರೆಗೆ ಮುಚ್ಚುತ್ತಿರಲಿಲ್ಲ. ನಕ್ಷತ್ರದ ಆಕಾರದ ಗೋಡೆ, ಎಂಟು ಮೂಲೆ. ಒಂದೊಂದು ಮೂಲೆಗೂ ಹೋಗಿ ಬಗ್ಗಿ ನೋಡಲೇಬೇಕು ನಿನಗೆ. ಬಂದೂಕಿನ ಕಿಂಡಿ, ನಡುವಿನ ಮೆಟ್ಟಿಲ ಕೊಳ, ಮದ್ದು ತುಂಬಿಡುತ್ತಿದ್ದ ತಣ್ಣನೆಯ ನೆಲಮನೆ, ಎಲ್ಲಕ್ಕೂ ಒಂದೊಂದು ಕತೆ ಕಟ್ಟುತ್ತಿದ್ದೆ. ಅಪ್ಪ ವಾಚು ನೋಡಿಕೊಂಡರೆ, "ತಡಿಯಪ್ಪ, ಇನ್ನೂ ಆ ಕಡೆ ಮೂಲೆ ಉಳ್ದೈತೆ" ಎನ್ನುತ್ತಿದ್ದೆ. ನಿನಗೆ ರೇಡಿಯೋ ಎಂದು ಹೆಸರಿಟ್ಟವಳು ನಾನೇ. "ನಮ್ ಶಾರದಂಗೆ ಹಳೇ ಕಾಲದ ಕಲ್ಲು ಅಂದ್ರೆ ಪ್ರಾಣ" ಎಂದು ಅಪ್ಪ ಊರಿಗೆಲ್ಲ ಹೇಳಿಕೊಂಡು ತಿರುಗಿದ. ಕಲ್ಲು ಯಾರಿಗೆ ಬೇಕಿತ್ತು? ಮತ್ತೆ ತವರಿಗೆ ಬರುವವರೆಗೆ ಸಾಲುವಷ್ಟು ಮಾತನ್ನು ನೀನು ಅಲ್ಲೇ ಆಡಿ ಮುಗಿಸುತ್ತಿದ್ದೆ ಎಂದು ನನಗೆ ಗೊತ್ತಾಗಿದ್ದು ಆ ಮನೆ ಸೇರಿದ ಮೇಲೆ.

ಭಾವ ಮೊದಲ ಸಲ ನನ್ನ ಜೊತೆ ಮಾತು ಬಿಟ್ಟಿದ್ದು ಸಾರಿಗೆ ಹುಳಿ ಹೆಚ್ಚಾಯಿತೆಂದು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ತಟ್ಟೆ ಸರಿಸಿ ಎದ್ದವರು ವಾರಗಟ್ಟಲೆ ತುಟಿ ಬಿಚ್ಚಲಿಲ್ಲ. ಎದುರಿಗೆ ನಿಂತು ಕೇಳಿದರೆ ಕೆಳತುಟಿ ಒಳಕ್ಕೆಳೆದುಕೊಂಡು ಗೋಡೆ ನೋಡುತ್ತಾರೆ. ಸಕಲೇಶಪುರದ ಎಸ್‌ಟಿಡಿ ಬೂತಿನಿಂದ ಅವ್ವನಿಗೆ ಫೋನು ಮಾಡಿ ಅತ್ತೆ. "ಬಡಿಯಾಕಿಲ್ಲ, ಕುಡಿಯಾಕಿಲ್ಲ, ಹೊಟ್ಟೆಗೆ ಬಟ್ಟೆಗೆ ಕಮ್ಮಿ ಇಲ್ಲ. ಇನ್ನೇನವ್ವ ಬೇಕು ನಿಂಗೆ?" ಎಂದಳು. ನಿನಗೂ ಇದನ್ನೇ ಹೇಳಿದ್ದಳಾ? ಮಾತಾಡುವುದಿಲ್ಲ ಎನ್ನುವುದನ್ನು ಯಾರ ಮುಂದೆ, ಏನೆಂದು ದೂರುವುದು?

ನೀನು ಹೋದ ದಿನ ನಮಗೆ ಬಂದ ಸುದ್ದಿ ಇಷ್ಟೇ: ಎರಡನೇ ಹೆರಿಗೆ ಕಷ್ಟವಾಯಿತು, ರಸ್ತೆ ಹಾಳು, ಆಸ್ಪತ್ರೆ ಸೇರುವಷ್ಟರಲ್ಲಿ ತಾಯಿ ಮಗು ಇಬ್ಬರೂ ಇಲ್ಲ. ಕಳೆದ ವರ್ಷ ಕಾಫಿ ಒಣಗಿಸುವ ಕಣದಲ್ಲಿ, ತೋಟದ ಆಳುಗಳ ಲೈನ್ ಮನೆಯ ಗಿರಿಜಮ್ಮ ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದಳು. "ನೋವು ಬಂದೈತೆ ಅಂತ ಅಮ್ಮಾರು ಮೂರು ಸಲ ಹೇಳುದ್ರು ಕಣವ್ವ. ಸಾವ್ಕಾರ್ರು ಆಗ ಮಾತು ಬುಟ್ಟಿದ್ರಲ್ಲ, ಕೇಳ್ಸುದ್ರೂ ಕೇಳ್ಸದಂಗೆ ತೋಟಕ್ಕೆ ಹೊಂಟೋದ್ರು. ಮಧ್ಯಾಹ್ನ ತೋಟದ ಲೆಕ್ಕ ಬರಿಯೋ ರೈಟ್ರು ಬಂದು ನೋಡಿ ಜೀಪು ತೆಗ್ಸುದ್ರು." ನಾವು ವರ್ಷವಿಡೀ ಆ ರಸ್ತೆಯನ್ನು ಎಷ್ಟು ಶಪಿಸಿದೆವು, ಅಕ್ಕ. ಅಪ್ಪನಿಗೆ ಇದನ್ನು ಹೇಳಿದೆ. ಕೇಳಿಸಿಕೊಂಡ, ದನಕ್ಕೆ ಹುಲ್ಲು ಹಾಕಬೇಕೆಂದು ಎದ್ದು ಹೋದ.

ಮದುವೆ ಮಾತಾಡಿದ ದಿನ ಚೈತ್ರ ನನ್ನ ಮಡಿಲಲ್ಲೇ ಇದ್ದಳು. "ಬ್ಯಾರೆ ಯಾವಳಾರ ಬಂದ್ರೆ ಮಗೀನ ಗತಿ ಏನವ್ವ?" ಎಂದು ಅವ್ವ ಕೇಳಿದ್ದಕ್ಕೆ ನಾನು ಬಗ್ಗಿದ್ದು. ಆ ಮನೆಯ ಬಗೆ ತಿಳಿದ ಮೇಲೂ ಗಟ್ಟಿಯಾಗಿ ನಿಂತಿದ್ದೂ ಅದಕ್ಕೇ. ಅವಳ ಜೊತೆ ಮಾತಾಡಲು ಅಲ್ಲಿ ಒಬ್ಬರಾದರೂ ಇರಲಿ, ಅದೊಂದೇ. ಹಲ್ಲುಜ್ಜಿಸುವಾಗ, ಎಣ್ಣೆ ಹಚ್ಚುವಾಗ, ಮಲಗಿಸುವಾಗ, ಮಾತಾಡಿದ್ದೇ ಮಾತಾಡಿದ್ದು. ಅವಳೂ ವಟವಟ ಎನ್ನುತ್ತಿದ್ದಳು, ನಿನ್ನ ಥರವೇ. ಇವಳೊಬ್ಬಳು ಉಳಿದುಕೊಂಡಳು ಎಂದು ಹಿಗ್ಗುತ್ತಿದ್ದೆ.

ಇವತ್ತು ಬೆಳಿಗ್ಗೆ ಅಪ್ಪ ಎಂದಿನಂತೆ ಕೋಟೆಗೆ ಕರೆತಂದ. ಮೊದಲನೇ ಮೂಲೆಯಲ್ಲೇ ಚೈತ್ರ ಗೋಡೆಯ ಅಂಚಿಗೆ ಓಡಿದಳು. ಕೈ ಹಿಡಿದು ಎಳೆದೆ, ಕೊಂಚ ಜೋರಾಗಿಯೇ. ಅಷ್ಟೇ ನೋಡು. ಅಳಲಿಲ್ಲ, ಹಟ ಮಾಡಲಿಲ್ಲ, ಮಾತು ನಿಲ್ಲಿಸಿದಳು. ಮಿಕ್ಕ ಮೂಲೆಗಳನ್ನೆಲ್ಲ ಸುತ್ತಿಸಿದೆ, ನೀನು ಕಟ್ಟಿದ ಕತೆಗಳನ್ನು ಹೇಳಿದೆ, ನೆಲಮನೆಯೊಳಗೆ ಹುಚ್ಚಿಯ ಹಾಗೆ ಕೂಗಿ ತೋರಿಸಿದೆ. ಅವಳು ಕೆಳತುಟಿ ಒಳಕ್ಕೆಳೆದುಕೊಂಡು ಗೋಡೆ ನೋಡುತ್ತಿದ್ದಳು. ಥೇಟ್ ಅವರೇ. "ಅಪ್ಪನ ಮಗ್ಳು ಕಣೇ ಇವ್ಳು, ಎಷ್ಟು ಗಟ್ಟಿ ನೋಡು" ಎಂದು ಅಪ್ಪ ನಕ್ಕ. ಯಾವುದಕ್ಕಾಗಿ ಆ ಮನೆಗೆ ಹೋದೆನೋ ಅದೇ…

ಇಲ್ಲಿ ಬಂದು ಕೂತ ಮೇಲೂ ಕೇಳಿದೆ, ಬನ್ನು ಬೇಕಾ, ಬಿಸ್ಕತ್ತು ಬೇಕಾ ಎಂದು. ಉತ್ತರವಿಲ್ಲ. ಪಕ್ಕದ ಬೆಂಚಿನ ಹೆಂಗಸು "ಹೆಸ್ರೇನವ್ವ ಪುಟ್ಟಿ?" ಎಂದಾಗ ಮಾತ್ರ ನಗುತ್ತಾ "ಚೈತ್ರ" ಎಂದಳು. ನನಗೆ ಸಾಕಾಗಿಹೋಯಿತು, ಅಕ್ಕ. ನಾನೂ ಮುಖ ತಿರುಗಿಸಿ ಈ ಹಾಳೆ ಹರಿದುಕೊಂಡೆ. ನಿನಗೆ ಎಂದೂ ಗೊತ್ತಾಗದ ಒಂದು ವಿಷಯ ಹೇಳುತ್ತೇನೆ, ಕೇಳು. ಮಾತು ಬಿಟ್ಟು ಕೂರುವುದು ಬಹಳ ಸುಖ. ನಾವು ಕೂತಲ್ಲಿಂದ ಅಲ್ಲಾಡಬೇಕಾಗಿಲ್ಲ, ಇನ್ನೊಂದು ಜೀವ ನಮ್ಮ ಮುಖ ನೋಡಿಕೊಂಡು ಒದ್ದಾಡುತ್ತಿರುತ್ತದೆ. ಭಾವ ಈ ಚಾಳಿ ಯಾಕೆ ಬಿಡುವುದಿಲ್ಲ ಎಂದು ಈಗ ಅರ್ಥವಾಯಿತು.

ಟೈರು ಹಾಕಿ ಆಯಿತು, ಅಪ್ಪ ಜೀಪಿನ ಹತ್ತಿರ ಕರೆಯುತ್ತಿದ್ದಾನೆ. ಚೈತ್ರ ಎದ್ದು ಬಂದು ನನ್ನ ಸೆರಗು ಹಿಡಿದುಕೊಂಡಿದ್ದಾಳೆ. "ಚಿಕ್ಕಮ್ಮ" ಎಂದಳು. ಮತ್ತೊಂದು ಸಲ ಎಂದಳು. ಈಗ ದನಿಯಲ್ಲಿ ಅಳು ಬಂದಿದೆ. ಕೇಳಿಸುತ್ತಿದೆ, ಅಕ್ಕ. ನಾನು ಬರೆಯುತ್ತಲೇ ಇದ್ದೇನೆ.